‘ಪಾರ್ಕ್ ಈಗ ನಮ್ಮ ವ್ಯಾಪ್ತಿಯಲ್ಲಿಲ್ಲ’ ಎನ್ನಲು ಪುರಸಭೆಗೆ ಬರುತ್ತದೆಯೇ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ. ಬಸ್ ನಿಲ್ದಾಣದ ಹಿಂದೆ ಎರಡು ಎಕರೆಯಷ್ಟು ಉದ್ಯಾನವಿದೆ. ಬಡಾವಣೆಯ ಮಂಜೂರಾದ ನಕ್ಷೆಯಲ್ಲೇ ಅದು ಉದ್ಯಾನವೆಂದು ಗುರುತಾಗಿದೆ. ಪುರಸಭೆ ಅದನ್ನು ಮೂರು ವರ್ಷದ ಹಿಂದೆ ಖಾಸಗಿ ಟ್ರಸ್ಟ್ ಒಂದಕ್ಕೆ ಮೂವತ್ತು ವರ್ಷಗಳ ಅವಧಿಗೆ ಒಪ್ಪಿಸಿತು. ಈಗ ಒಳಗೆ ಹೋಗಲು ಟಿಕೆಟ್ ಇಟ್ಟಿದ್ದಾರೆ. ಒಂದು ಮೂಲೆಯನ್ನು ಮದುವೆ ಸಮಾರಂಭಗಳಿಗೆ ಬಾಡಿಗೆಗೆ ಕೊಡುತ್ತಾರೆ, ಇನ್ನೊಂದು ಮೂಲೆಯಲ್ಲಿ ಹೋಟೆಲ್ ಕಟ್ಟಲು ಪಾಯ ತೋಡಿದ್ದಾರೆ. ದೂರು ಕೊಟ್ಟರೆ ಪುರಸಭೆಯವರು ಒಪ್ಪಂದ ತೋರಿಸುತ್ತಾರೆ. ಅದರಲ್ಲಿ ‘ಅವಧಿ ಮುಗಿಯುವವರೆಗೆ ಪುರಸಭೆಯು ಯಾವ ರೀತಿಯಲ್ಲೂ ಮಧ್ಯಪ್ರವೇಶಿಸತಕ್ಕದ್ದಲ್ಲ’ ಎಂಬ ಷರತ್ತಿದೆ. ಮುಖ್ಯಾಧಿಕಾರಿ ಹೇಳುವುದು ಇಷ್ಟು: ‘ಪಾರ್ಕ್ ಈಗ ನಮ್ಮ ವ್ಯಾಪ್ತಿಯಲ್ಲಿಲ್ಲ, ನಿರ್ವಹಣೆಗೆ ನಮ್ಮಲ್ಲಿ ಹಣವೂ ಇರಲಿಲ್ಲ, ಅದೂ ಅಲ್ಲದೆ ಮೇಲಿನಿಂದ ಸೂಚನೆ ಬಂದಿತ್ತು.’ ಕಾನೂನು ಕೊಟ್ಟ ಅಧಿಕಾರವನ್ನೂ ಹೊರಿಸಿದ ಕರ್ತವ್ಯವನ್ನೂ ಸಾರ್ವಜನಿಕ ಸಂಸ್ಥೆಯೊಂದು ಹೀಗೆ ಬಿಟ್ಟುಕೊಡಬಹುದೇ?

ಉತ್ತರ: ಬಿಟ್ಟುಕೊಡುವಂತಿಲ್ಲ. ಆದರೆ ಇಷ್ಟೇ ಹೇಳಿ ನಿಮ್ಮನ್ನು ಕಳುಹಿಸಿದರೆ ನ್ಯಾಯಾಲಯದಲ್ಲಿ ಮೊದಲ ಹತ್ತು ನಿಮಿಷದಲ್ಲೇ ತೊಡಕಾಗುತ್ತದೆ. ಪುರಸಭೆ ತನ್ನ ಕೆಲಸವನ್ನು ಬೇರೆಯವರಿಂದ ಮಾಡಿಸಬಹುದು, ಗುತ್ತಿಗೆ ಕೊಡಬಹುದು, ಒಪ್ಪಂದ ಮಾಡಿಕೊಂಡು ಅದಕ್ಕೆ ಬದ್ಧವೂ ಆಗಬಹುದು. ಎದುರು ಪಕ್ಷದ ವಕೀಲರು ಶುರುಮಾಡುವುದೇ ಅಲ್ಲಿಂದ, ಮತ್ತು ಅಷ್ಟರಮಟ್ಟಿಗೆ ಅವರು ಹೇಳುವುದು ಸರಿ. ಕೆಲಸ ಹಂಚುವುದು ಎಲ್ಲಿಗೆ ಮುಗಿಯಿತು, ಅಧಿಕಾರವನ್ನೇ ಕೈಬಿಡುವುದು ಎಲ್ಲಿಂದ ಶುರುವಾಯಿತು ಎಂಬ ಗೆರೆಯನ್ನು ನಿಮ್ಮ ಊರಿನ ಕಾಗದಪತ್ರಗಳಲ್ಲೇ ತೋರಿಸಬೇಕು. ಮುಖ್ಯಾಧಿಕಾರಿ ಒಂದೇ ಉಸಿರಿನಲ್ಲಿ ಹೇಳಿದ ಮೂರು ಕಾರಣಗಳು ಕಾನೂನಿನ ಕಣ್ಣಿಗೆ ಮೂರು ಬೇರೆ ವಾದಗಳು. ಅವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಅವರು ಅತ್ಯಂತ ಧೈರ್ಯದಿಂದ ಹೇಳಿದ ಕೊನೆಯದು.

ಮೊದಲು ಬುಡದ ವಿಚಾರ. ನಿಮ್ಮ ಹೊಲವನ್ನು ನೀವು ಮಾರಬಹುದು, ದಾನ ಕೊಡಬಹುದು, ಪಾಳು ಬಿಡಬಹುದು, ಕೇಳುವವರಿಲ್ಲ. ಪುರಸಭೆಯ ಅಧಿಕಾರ ಆ ಜಾತಿಯದಲ್ಲ. ಅದು ಹುಟ್ಟಿದ್ದೇ ಒಂದು ಕಾಯ್ದೆಯಿಂದ, ನಮ್ಮಲ್ಲಿ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದಿಂದ. ಅದಕ್ಕಿರುವ ಪ್ರತಿಯೊಂದು ಅಧಿಕಾರವೂ ಊರಿನವರ ಸಲುವಾಗಿ ಅದರ ವಶಕ್ಕೆ ಕೊಟ್ಟದ್ದು. ದೇವಸ್ಥಾನದ ಮೊಕ್ತೇಸರರು ಅಡುಗೆಯವರನ್ನು ನೇಮಿಸಿಕೊಳ್ಳಬಹುದು, ಸುಣ್ಣ ಹೊಡೆಯಲು ಗುತ್ತಿಗೆ ಕೊಡಬಹುದು. ಆದರೆ ಇನ್ನು ಮೂವತ್ತು ವರ್ಷ ಈ ಕಡೆ ತಲೆ ಹಾಕುವುದಿಲ್ಲ ಎಂದು ಬರೆದುಕೊಟ್ಟು ಬೀಗದ ಕೈ ಹಸ್ತಾಂತರಿಸಲಾರರು. ಚುನಾಯಿತ ಸಂಸ್ಥೆಗೆ ಇದರ ಮೇಲೆ ಇನ್ನೊಂದು ಮಿತಿಯೂ ಇದೆ. ಪುರಸಭೆಯ ಅವಧಿ ಐದು ವರ್ಷ. ಮೂವತ್ತು ವರ್ಷ ಮಧ್ಯಪ್ರವೇಶಿಸುವುದಿಲ್ಲ ಎಂದು ಇಂದಿನ ಸಭೆ ಸಹಿ ಹಾಕಿದರೆ, ಮುಂದೆ ನೀವು ಮತ ಹಾಕಿ ಕಳುಹಿಸಲಿರುವ ಹಲವು ಸಭೆಗಳ ಕೈಯನ್ನೂ ಅದು ಕಟ್ಟಿಹಾಕಿದಂತೆ. ಇನ್ನೂ ಹುಟ್ಟದ ಸಭೆಯ ಪರವಾಗಿ ಸಹಿ ಹಾಕುವ ಹಕ್ಕು ಯಾರಿಗೂ ಇಲ್ಲ.

ಈ ಕೊನೆಯ ತರ್ಕ ನನ್ನದಲ್ಲ, 1883ರಷ್ಟು ಹಳೆಯದು. ಸ್ಕಾಟ್ಲೆಂಡಿನ ಏರ್ ಎಂಬ ಬಂದರು ಊರಿನಲ್ಲಿ ಬಂದರು ಮಂಡಳಿಯವರು ಆಸ್ವಾಲ್ಡ್ ಎಂಬವರ ಜಮೀನನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡರು. ಪರಿಹಾರದ ಮೊತ್ತ ಹೆಚ್ಚಾಗುತ್ತದೆಂದು ಕಂಡಾಗ ಒಂದು ಉಪಾಯ ಹೂಡಿದರು. ಆತನ ಉಳಿದ ಜಮೀನಿಗೂ ನೀರಿಗೂ ನಡುವೆ ನಾವು ಎಂದೆಂದಿಗೂ ಏನನ್ನೂ ಕಟ್ಟುವುದಿಲ್ಲ ಎಂದು ಬರೆದುಕೊಡುತ್ತೇವೆ, ಹಾಗಾದರೆ ಆತನಿಗೆ ನಷ್ಟ ಕಡಿಮೆ, ನಮಗೆ ಪರಿಹಾರದ ಹೊರೆಯೂ ಕಡಿಮೆ ಎಂದರು. ವ್ಯವಹಾರಜ್ಞಾನದಿಂದ ನೋಡಿದರೆ ಇದರಲ್ಲಿ ಕೆಟ್ಟದ್ದೇನೂ ಕಾಣದು, ಸಾರ್ವಜನಿಕ ಹಣವೇ ಉಳಿಯುತ್ತಿತ್ತು. ಆದರೂ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆ ಒಪ್ಪಲಿಲ್ಲ. ಬಂದರಿಗೆ ಬೇಕಾದಾಗ ಆ ಜಾಗದಲ್ಲಿ ಕಟ್ಟಲೆಂದೇ ಸಂಸತ್ತು ನಿಮಗೆ ಅಧಿಕಾರ ಕೊಟ್ಟಿದೆ. ಅದನ್ನು ಬಳಸುವುದಿಲ್ಲವೆಂದು ನಿಮ್ಮನ್ನಾಗಲಿ ನಿಮ್ಮ ನಂತರ ಬರುವವರನ್ನಾಗಲಿ ಕಟ್ಟಿಹಾಕಲು ನಿಮಗೆ ಬರುವುದಿಲ್ಲ ಎಂದಿತು. ಆಸ್ವಾಲ್ಡ್‌ಗೆ ಪೂರ್ತಿ ಪರಿಹಾರ ಸಿಕ್ಕಿತು.

ನಿಮ್ಮ ಒಪ್ಪಂದದ ‘ಮಧ್ಯಪ್ರವೇಶಿಸತಕ್ಕದ್ದಲ್ಲ’ ಷರತ್ತಿಗೆ ಈ ಅಳತೆಗೋಲು ಹಿಡಿದು ನೋಡಿ. ಅಲ್ಲಿ ಹೋಟೆಲ್ ಏಳಬೇಕಾದರೆ ಕಟ್ಟಡ ಪರವಾನಗಿ ಕೊಡಬೇಕಾದವರು ಯಾರು? ಪುರಸಭೆ. ವ್ಯಾಪಾರದ ಲೈಸೆನ್ಸ್ ಕೊಡುವವರು, ಅಡುಗೆಮನೆಯ ನೈರ್ಮಲ್ಯ ನೋಡುವವರು, ಮದುವೆಯ ಎಲೆ, ಎಂಜಲು ಚರಂಡಿ ಸೇರಿದರೆ ನೋಟಿಸ್ ಕೊಡಬೇಕಾದವರು? ಎಲ್ಲದಕ್ಕೂ ಉತ್ತರ ಅದೇ. ಆ ಷರತ್ತನ್ನು ಅಕ್ಷರಶಃ ಓದಿದರೆ ಟ್ರಸ್ಟ್ ಅನುಮತಿಯಿಲ್ಲದೆ ನಾಲ್ಕು ಅಂತಸ್ತು ಏರಿಸಿದರೂ ಪುರಸಭೆ ಕೈಕಟ್ಟಿ ನಿಲ್ಲಬೇಕು. ಇಂಥ ಫಲ ಕೊಡುವ ಷರತ್ತನ್ನು ಯಾವ ನ್ಯಾಯಾಧೀಶರೂ ಎತ್ತಿಹಿಡಿಯುವುದಿಲ್ಲ. ಟ್ರಸ್ಟಿನ ವಕೀಲರೂ ಅದನ್ನು ಅಕ್ಷರಶಃ ಸಮರ್ಥಿಸಲಾರರು. ದೈನಂದಿನ ನಿರ್ವಹಣೆಗೆ ಮಾತ್ರ ಅದು ಅನ್ವಯಿಸುತ್ತದೆ ಎಂದು ಹಿಂದೆ ಸರಿಯುತ್ತಾರೆ. ಹಾಗೆ ಸರಿದ ಕ್ಷಣವೇ ‘ಪಾರ್ಕ್ ನಮ್ಮ ವ್ಯಾಪ್ತಿಯಲ್ಲಿಲ್ಲ’ ಎಂಬ ಮಾತು ಬಿದ್ದುಹೋಗುತ್ತದೆ.

ನಮ್ಮ ದೇಶದಲ್ಲಿ ನಿಮ್ಮ ಸಂಗತಿಗೆ ತೀರಾ ಹತ್ತಿರದ ತೀರ್ಪು ಲಖನೌದ್ದು. ಅಮೀನಾಬಾದಿನ ಕಿಕ್ಕಿರಿದ ಪೇಟೆಯ ನಡುವೆ ಝಂಡೇವಾಲಾ ಪಾರ್ಕ್ ಇದೆ, ಸ್ವಾತಂತ್ರ್ಯ ಹೋರಾಟದ ಸಭೆಗಳು ನಡೆದ ಜಾಗ. 1993ರಲ್ಲಿ ಅಲ್ಲಿನ ನಗರ ಮಹಾಪಾಲಿಕೆ ಈ ಪಾರ್ಕಿನ ನೆಲದಡಿಯಲ್ಲಿ ವ್ಯಾಪಾರ ಸಂಕೀರ್ಣ ಕಟ್ಟಲು ಎಂ.ಐ. ಬಿಲ್ಡರ್ಸ್ ಎಂಬ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಟೆಂಡರ್ ಕರೆದಿರಲಿಲ್ಲ. ಕಟ್ಟುವವರೇ ಹಣ ಹಾಕುತ್ತಾರೆ, ಅಂಗಡಿಗಳನ್ನು ಅವರೇ ಇತರರಿಗೆ ಕೊಟ್ಟು ಹಣ ವಸೂಲು ಮಾಡಿಕೊಳ್ಳುತ್ತಾರೆ, ಮೇಲೆ ಪಾರ್ಕ್ ಹಾಗೆಯೇ ಇರುತ್ತದೆ, ವಾಹನ ನಿಲುಗಡೆಯ ಸಮಸ್ಯೆಯೂ ತೀರುತ್ತದೆ ಎಂದು ಸಮರ್ಥನೆ ಕೊಟ್ಟರು. ಕೇಳಲು ಎಲ್ಲರಿಗೂ ಲಾಭವೇ. 1999ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಗೀರ್ ಅಹ್ಮದ್ ಮತ್ತು ಡಿ.ಪಿ. ವಾಧ್ವಾ ಅವರ ಪೀಠ ಒಪ್ಪಂದವನ್ನು ಬಿಡಿಸಿ ನೋಡಿತು. ಮಹಾಪಾಲಿಕೆಯ ಕಾಯ್ದೆಯ ಪ್ರಕಾರ ಪಾರ್ಕಿನ ನಿರ್ವಹಣೆ ಅದರ ಕಡ್ಡಾಯ ಕರ್ತವ್ಯ. ನೆಲದಡಿ ಕಟ್ಟಲು ಬಿಟ್ಟು ಆ ಕರ್ತವ್ಯದಿಂದ ತನ್ನನ್ನು ತಾನೇ ವಂಚಿಸಿಕೊಳ್ಳಲು ಅದಕ್ಕೆ ಅಧಿಕಾರವಿಲ್ಲ ಎಂದಿತು. ಕಟ್ಟುವವರು ಆಗಲೇ ಕೋಟಿಗಟ್ಟಲೆ ಸುರಿದಿದ್ದರು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಕಟ್ಟಿದ್ದನ್ನು ಕೆಡವಿ ಪಾರ್ಕನ್ನು ಮೊದಲಿನಂತೆ ಮಾಡಿ ಎಂದು ಆದೇಶವಾಯಿತು.

ಈ ತೀರ್ಪನ್ನು ನಿಮ್ಮ ಅರ್ಜಿಯಲ್ಲಿ ಬಳಸುವಾಗ ಒಂದು ಎಚ್ಚರಿಕೆ ಇರಲಿ. ಲಖನೌದ ಕಾಯ್ದೆಯಲ್ಲಿ ಪಾರ್ಕಿನ ನಿರ್ವಹಣೆ ಕಡ್ಡಾಯ ಕರ್ತವ್ಯಗಳ ಪಟ್ಟಿಯಲ್ಲಿತ್ತು. ನಮ್ಮ 1964ರ ಅಧಿನಿಯಮದ 87ನೇ ಕಲಂನಲ್ಲಿರುವ ಕಡ್ಡಾಯ ಕರ್ತವ್ಯಗಳ ಪಟ್ಟಿಯಲ್ಲಿ ಬೀದಿದೀಪ, ಬೀದಿ ಗುಡಿಸುವುದು, ಚರಂಡಿಯಂಥವು ಬರುತ್ತವೆ. ಉದ್ಯಾನ, ಗ್ರಂಥಾಲಯದಂಥವನ್ನು ಸಭೆಯ ವಿವೇಚನೆಗೆ ಬಿಟ್ಟ ಕೆಲಸಗಳ ಜೊತೆ ಇಡಲಾಗಿದೆ. ಎದುರಿನವರು ಇದನ್ನು ಎತ್ತಿ ಆಡಿಯೇ ಆಡುತ್ತಾರೆ. ನಿಮ್ಮ ಉತ್ತರ ಸಿದ್ಧವಿರಬೇಕು. ಉದ್ಯಾನ ಮಾಡಬೇಕೋ ಬೇಡವೋ ಎನ್ನುವುದು ವಿವೇಚನೆ ಇರಬಹುದು. ಆದರೆ ಮಂಜೂರಾದ ನಕ್ಷೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ ಜಾಗವನ್ನು ಬೇರೆ ಬಳಕೆಗೆ ತಿರುಗಿಸುವುದು ಆ ವಿವೇಚನೆಯೊಳಗೆ ಬರುವುದಿಲ್ಲ. ಹೀಗಾಗಿ ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ಕಾಗದ ಆ ನಕ್ಷೆ. ಅದರ ದೃಢೀಕೃತ ಪ್ರತಿ ಇಲ್ಲದೆ ಯಾವ ಮೆಟ್ಟಿಲನ್ನೂ ಹತ್ತಬೇಡಿ.

ಟಿಕೆಟ್ಟಿನ ಪ್ರಶ್ನೆ ಇದಕ್ಕಿಂತ ಸುಲಭ. ಜನರಿಂದ ಶುಲ್ಕ ವಸೂಲು ಮಾಡುವ ಅಧಿಕಾರ ಕಾನೂನಿನಿಂದ ಬರಬೇಕು. ಅದು ಪುರಸಭೆಗಿದ್ದರೂ ಬೇರೆಯವರಿಗೆ ದಾಟಿಸಲು ಕಾನೂನಿನಲ್ಲಿ ದಾರಿಯಿರಬೇಕು. ದೆಹಲಿಯಿಂದ ನೊಯ್ಡಾಕ್ಕೆ ಹೋಗುವ ಡಿಎನ್‌ಡಿ ಮೇಲ್ಸೇತುವೆಯ ಟೋಲ್ ನೆನಪಿರಬಹುದು. 1997ರ ಒಪ್ಪಂದದಲ್ಲಿ ನೊಯ್ಡಾ ಪ್ರಾಧಿಕಾರವು ಶುಲ್ಕ ಸಂಗ್ರಹದ ಹಕ್ಕನ್ನು ಒಂದು ಕಂಪನಿಗೆ ಬಿಟ್ಟಿತು. ಯೋಜನೆಯ ವೆಚ್ಚದ ಮೇಲೆ ವರ್ಷಕ್ಕೆ ಶೇ 20ರಷ್ಟು ಲಾಭ ಸಿಗಬೇಕು, ಸಿಗದಿದ್ದರೆ ಬಾಕಿ ಮುಂದಕ್ಕೆ ಸೇರುತ್ತ ಹೋಗಬೇಕು, ಅದು ತೀರುವವರೆಗೆ ಅವಧಿ ಬೆಳೆಯಬೇಕು ಎಂಬ ಸೂತ್ರ. ಸರಳವಾಗಿ ಹೇಳಿದರೆ ಟೋಲ್ ಎಂದೂ ಮುಗಿಯದು. ಅಲಹಾಬಾದ್ ಹೈಕೋರ್ಟ್ 2016ರಲ್ಲಿ ಅದನ್ನು ನಿಲ್ಲಿಸಿತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು, ಶುಲ್ಕ ವಿಧಿಸುವ ಅಧಿಕಾರವನ್ನು ಕಂಪನಿಗೆ ವಹಿಸುವ ಮೂಲಕ ಪ್ರಾಧಿಕಾರ ತನ್ನ ವ್ಯಾಪ್ತಿ ಮೀರಿದೆ ಎಂದಿತು. ನಿಮ್ಮ ಊರಿನ ಟಿಕೆಟ್ ದರ ಯಾವ ನಿರ್ಣಯದಲ್ಲಿ, ಯಾವ ಉಪವಿಧಿಯ ಅಡಿಯಲ್ಲಿ ನಿಗದಿಯಾಯಿತು ಎಂದು ಕೇಳಿ. ಟ್ರಸ್ಟ್ ತಾನೇ ದರ ಬರೆದು ಗೇಟಿಗೆ ತೂಗುಹಾಕಿದ್ದರೆ ಅಲ್ಲಿಗೆ ಆ ವಿಷಯ ಮುಗಿಯಿತು.

ಇನ್ನು ಎದುರು ಪಕ್ಷದ ಗಟ್ಟಿ ವಾದ. ಇದನ್ನು ನೀವು ಮೊದಲೇ ತಿಳಿದಿರಬೇಕು, ಏಕೆಂದರೆ ಇದು ನಮ್ಮ ರಾಜ್ಯದ್ದೇ ಪ್ರಕರಣ. ಬೆಳಗಾವಿಯಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಹಾಕಿದ್ದ ಇಂಡಿಯನ್ ಅಲ್ಯೂಮಿನಿಯಂ ಕಂಪನಿಗೆ ನಿಗದಿತ ದರದಲ್ಲಿ ವಿದ್ಯುತ್ ಕೊಡುವುದಾಗಿ ಒಪ್ಪಂದವಾಗಿತ್ತು. ಅಲ್ಯೂಮಿನಿಯಂ ತೆಗೆಯಲು ವಿದ್ಯುತ್ತೇ ಮುಖ್ಯ ಖರ್ಚು, ದರದ ಭರವಸೆ ಇಲ್ಲದೆ ಯಾರೂ ಅಂಥ ಕಾರ್ಖಾನೆ ಹಾಕುವುದಿಲ್ಲ. ಮುಂದೆ ವಿದ್ಯುತ್ ಮಂಡಳಿ ದರ ಏರಿಸಹೊರಟು, ದರ ಏರಿಸುವುದು ನಮ್ಮ ಶಾಸನಬದ್ಧ ಅಧಿಕಾರ, ಅದನ್ನು ಒಪ್ಪಂದ ಕಟ್ಟಿಹಾಕಲಾರದು ಎಂದಿತು. ನೀವು ಈಗ ಮಾಡುತ್ತಿರುವ ವಾದವನ್ನೇ ಅಂದು ಸರ್ಕಾರಿ ಸಂಸ್ಥೆ ಮಾಡಿತು! 1975ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಯಾವುದೇ ಗ್ರಾಹಕನೊಂದಿಗೆ ವಿಶೇಷ ದರ ನಿಗದಿ ಮಾಡಿಕೊಳ್ಳುವ ಅಧಿಕಾರವನ್ನು ಕಾಯ್ದೆಯೇ ಮಂಡಳಿಗೆ ಕೊಟ್ಟಿದೆ; ಆ ಅಧಿಕಾರವನ್ನು ಚಲಾಯಿಸಿಯೇ ಒಪ್ಪಂದ ಮಾಡಿಕೊಂಡದ್ದು; ಹಾಗಾಗಿ ಇದು ಅಧಿಕಾರದ ತ್ಯಾಗವಲ್ಲ, ಅಧಿಕಾರದ ಬಳಕೆ ಎಂದಿತು. ಇಂಗ್ಲೆಂಡಿನಲ್ಲಿ 1926ರ ಬರ್ಕ್‌ಡೇಲ್ ತೀರ್ಪಿನಲ್ಲೂ ಹೀಗೇ ಆಯಿತು. ಸಾರ್ವಜನಿಕ ಸಂಸ್ಥೆ ತನ್ನ ಅಧಿಕಾರ, ಕರ್ತವ್ಯಗಳನ್ನು ಕಳಚಿಕೊಳ್ಳುವಂತಿಲ್ಲ ಎಂಬ ಸೂತ್ರಕ್ಕೆ ಜಗತ್ತಿನಾದ್ಯಂತ ಉಲ್ಲೇಖವಾಗುವ ತೀರ್ಪು ಅದು. ಆದರೆ ಪಕ್ಕದ ಸೌತ್‌ಪೋರ್ಟ್‌ನಲ್ಲಿರುವ ದರಕ್ಕಿಂತ ಹೆಚ್ಚು ವಿಧಿಸುವುದಿಲ್ಲ ಎಂಬ ವಿದ್ಯುತ್ ಕಂಪನಿಯ ಒಪ್ಪಂದವನ್ನು ಅಲ್ಲಿ ಕೊನೆಗೆ ಉಳಿಸಿದರು. ಅದು ಕಂಪನಿಯ ಕರ್ತವ್ಯಕ್ಕೆ ಅಡ್ಡಬರುವಂಥದ್ದಲ್ಲ ಎಂಬ ಕಾರಣಕ್ಕೆ. ತತ್ತ್ವ ಹೇಳಿದ ತೀರ್ಪಿನಲ್ಲೇ ತತ್ತ್ವ ಮುಂದಿಟ್ಟವರು ಸೋತರು. ಅರ್ಜಿಯಲ್ಲಿ ಬರೀ ಸೂತ್ರವನ್ನು ಬರೆದು ಗೆಲ್ಲುತ್ತೇವೆಂದು ಹೊರಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆದ್ದರಿಂದ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ: ಈ ಒಪ್ಪಂದವನ್ನೇ ಮಾಡಿಕೊಳ್ಳುವ ಅಧಿಕಾರವನ್ನು ಕಾಯ್ದೆ ಕೊಟ್ಟಿದೆಯೇ? ನಿರ್ವಹಣೆಯ ಗುತ್ತಿಗೆಯ ಮಟ್ಟಿಗೆ ಕೊಟ್ಟಿದೆ. ಬೆಳಿಗ್ಗೆ ನೀರು ಹಾಯಿಸಿ, ಹುಲ್ಲು ಕತ್ತರಿಸಿ, ಕಾವಲುಗಾರನನ್ನು ಇಟ್ಟು, ಗೇಟಿನ ಪಕ್ಕ ತನ್ನ ಹೆಸರಿನ ಫಲಕ ಹಾಕಿಕೊಳ್ಳುವ ಟ್ರಸ್ಟಿನ ಬಗ್ಗೆ ನನಗೆ ತಕರಾರಿಲ್ಲ. ಎಷ್ಟೋ ಊರುಗಳಲ್ಲಿ ಉದ್ಯಾನಗಳು ಹಸಿರಾಗಿ ಉಳಿದಿರುವುದು ಅಂಥವರಿಂದಲೇ. ಆದರೆ ಮೂವತ್ತು ವರ್ಷದ ಗುತ್ತಿಗೆ, ಅದೂ ಒಳಗೆ ಕಟ್ಟಡ ಕಟ್ಟುವ ಹಕ್ಕಿನೊಂದಿಗೆ, ನಿರ್ವಹಣೆಯ ಗುತ್ತಿಗೆಯಲ್ಲ. ಅದು ಆಸ್ತಿಯ ವಿಲೇವಾರಿ. ದೀರ್ಘಾವಧಿಗೆ ಪುರಸಭೆಯ ಸ್ಥಿರಾಸ್ತಿಯನ್ನು ಕೊಡಬೇಕಾದರೆ ಸರ್ಕಾರದ ಅನುಮತಿ ಬೇಕು. ಆ ಅನುಮತಿ ಇದೆಯೇ, ಯಾವ ದಿನಾಂಕದ್ದು, ಒಪ್ಪಂದಕ್ಕೆ ಮೊದಲಿನದೇ ಅಥವಾ ಆಮೇಲೆ ತೇಪೆ ಹಾಕಿದ್ದೇ ಎಂದು ನೋಡಿ.

ಹಣ ಇರಲಿಲ್ಲ ಎಂಬ ಎರಡನೆಯ ಕಾರಣಕ್ಕೆ ಹೆಚ್ಚು ಸಮಯ ಬೇಡ. ಮಧ್ಯಪ್ರದೇಶದ ರತ್ಲಾಮ್ ಪುರಸಭೆ ಇದನ್ನು ಸುಪ್ರೀಂ ಕೋರ್ಟಿನವರೆಗೂ ಒಯ್ದು ನೋಡಿತು. ಚರಂಡಿ ಇಲ್ಲ, ಬೀದಿಯಲ್ಲೇ ಮಲ, ಮದ್ಯದ ಕಾರ್ಖಾನೆಯ ಕೊಳಕು ನೀರು ಮನೆಬಾಗಿಲಿಗೆ; ನಿವಾಸಿಗಳು ಮ್ಯಾಜಿಸ್ಟ್ರೇಟರ ಬಳಿ ಹೋದರು, ಮ್ಯಾಜಿಸ್ಟ್ರೇಟರು ಸರಿಪಡಿಸಿ ಎಂದರು, ಪುರಸಭೆ ದುಡ್ಡಿಲ್ಲ ಎಂದಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕೊಟ್ಟ ಉತ್ತರದ ತಿರುಳು ಇಷ್ಟೇ: ಕಡ್ಡಾಯ ಕರ್ತವ್ಯದಿಂದ ನುಣುಚಿಕೊಳ್ಳಲು ಬರಿದಾದ ಖಜಾನೆ ನೆಪವಾಗದು. ಉದ್ಯಾನದ ಹೊರಗಿನ ಚರಂಡಿ, ಬೀದಿದೀಪಗಳ ಬಗ್ಗೆಯೂ ಯಾರಾದರೂ ‘ಟ್ರಸ್ಟನ್ನು ಕೇಳಿ’ ಎಂದರೆ ಈ ತೀರ್ಪನ್ನು ಮುಂದಿಡಿ. ಅವು 87ನೇ ಕಲಂನ ಕೆಲಸಗಳು, ಯಾವ ಟ್ರಸ್ಟಿನ ಒಪ್ಪಂದವೂ ಅವುಗಳನ್ನು ಮುಟ್ಟಲಾರದು.

ಈಗ ‘ಮೇಲಿನಿಂದ ಸೂಚನೆ ಬಂದಿತ್ತು’ ಎಂಬುದಕ್ಕೆ ಬರೋಣ. ಕಚೇರಿಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ ಹೇಳುವವರಿಗೆ ತಾವು ಒಂದು ತಪ್ಪೊಪ್ಪಿಗೆ ಕೊಡುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ಒಪ್ಪಂದ ಬರೆದು ಸಹಿ ಹಾಕಿ ಅಧಿಕಾರ ಬಿಟ್ಟುಕೊಡುವ ಪ್ರಕರಣಗಳು ನನ್ನ ಅನುಭವದಲ್ಲಿ ಕಡಿಮೆ. ಒಂದು ದೂರವಾಣಿ ಕರೆಗೆ, ಒಂದು ಶಿಫಾರಸು ಪತ್ರಕ್ಕೆ ತಲೆಬಾಗಿ ತನ್ನ ವಿವೇಚನೆಯನ್ನು ಬದಿಗಿಡುವುದೇ ನಿತ್ಯದ ರೂಢಿ. ಇದೂ ಅಧಿಕಾರ ತ್ಯಾಗವೇ, ಕಾಗದದ ಮೇಲೆ ಕಾಣದ ಬಗೆಯದು.

ಮುಂಬೈಯ ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು 1947ರ ಜುಲೈನಲ್ಲಿ ಒಬ್ಬ ಅರ್ಜಿದಾರರಿಗೆ ಪೊಲೀಸ್ ಕಮಿಷನರ್ ಅನುಮತಿ ಕೊಟ್ಟರು. ವಿರೋಧ ಎದ್ದಿತು. ಸೆಪ್ಟೆಂಬರಿನಲ್ಲಿ ಅದೇ ಕಮಿಷನರ್ ಕಚೇರಿಯಿಂದ, ಸರ್ಕಾರದ ನಿರ್ದೇಶನದ ಮೇರೆಗೆ ನಿಮ್ಮ ಅನುಮತಿ ರದ್ದಾಗಿದೆ ಎಂಬ ಪತ್ರ ಹೋಯಿತು. ನಿಯಮಗಳ ಪ್ರಕಾರ ರದ್ದು ಮಾಡುವ ಅಧಿಕಾರ ಕಮಿಷನರಿಗೆ ಇತ್ತು, ಸರ್ಕಾರಕ್ಕಿರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ರದ್ದು ಮಾಡಿದ್ದು ವಾಸ್ತವವಾಗಿ ಕಮಿಷನರೇ ಎಂದು ವಾದಿಸಿದರು. 1951ರ ನವೆಂಬರಿನ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಆ ಪತ್ರವನ್ನು ಅದರ ಪದಗಳಲ್ಲೇ ಓದಿದರು. ಆದೇಶ ಹೊರಡಿಸಿದ ಅಧಿಕಾರಿ ಆಮೇಲೆ ತನ್ನ ಮನಸ್ಸಿನಲ್ಲಿ ಏನಿತ್ತು ಎಂದು ಕೊಡುವ ವಿವರಣೆಯ ಬೆಳಕಿನಲ್ಲಿ ಸಾರ್ವಜನಿಕ ಆದೇಶವನ್ನು ಓದಲಾಗದು ಎಂದರು. ಮುಖ್ಯಾಧಿಕಾರಿ ನಾಳೆ ಪ್ರಮಾಣಪತ್ರ ಸಲ್ಲಿಸಿ ‘ನಾನು ಎಲ್ಲ ಅಂಶಗಳನ್ನೂ ಕೂಲಂಕಷವಾಗಿ ಪರಿಶೀಲಿಸಿದ್ದೆ’ ಎಂದರೆ ನಿಮಗೆ ಆಸರೆಯಾಗುವುದು ಈ ಮಾತು. ಆದರೆ ಕೊನೆಗೆ ನ್ಯಾಯಾಲಯ ಏನು ಮಾಡಿತು ಎಂಬುದನ್ನೂ ಗಮನಿಸಿ. ಚಿತ್ರಮಂದಿರ ಬೇಕು ಅಥವಾ ಬೇಡ ಎಂದು ತಾನು ಹೇಳಲಿಲ್ಲ. ರದ್ದು ಮಾಡಬೇಕೆಂದು ಬಂದ ಮನವಿಗಳನ್ನು ಕಮಿಷನರ್ ಸ್ವತಃ ತೂಗಿ, ತನ್ನದೇ ಸ್ವತಂತ್ರ ತೀರ್ಮಾನದಿಂದ ಸ್ಪಷ್ಟ ಆದೇಶ ಕೊಡಬೇಕು ಎಂದು ನಿರ್ದೇಶಿಸಿತು.

ಬೆಂಗಳೂರಿನ ಸದಾಶಿವನಗರದ ಪ್ರಕರಣ ಇನ್ನೂ ನೇರ. ಅಲ್ಲಿ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಮುಖ್ಯಮಂತ್ರಿಯವರ ನಿರ್ದೇಶನದಂತೆ ಹೊರಟ ಸರ್ಕಾರಿ ಆದೇಶಗಳ ಮೇರೆಗೆ ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆಗೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಡಲಾಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಆದೇಶವನ್ನು ಪಾಲಿಸಿತು, ಅಷ್ಟೆ. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಟಿ.ಕೆ. ಥೊಮ್ಮನ್ ಮತ್ತು ಆರ್.ಎಂ. ಸಹಾಯ್ ಅವರು ಟ್ರಸ್ಟಿನ ಮೇಲ್ಮನವಿಯನ್ನು ವಜಾ ಮಾಡಿದರು. ಪ್ರಾಧಿಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರ ಕಾಯ್ದೆಯ 65ನೇ ಕಲಂ ಪ್ರಕಾರ ನಮಗಿದೆಯಲ್ಲ ಎಂದು ಸರ್ಕಾರ ಹೇಳಿತ್ತು. ನಿಜ, ಇದೆ. ಆದರೆ ಅದು ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು ಕೊಟ್ಟದ್ದು. ಕಾಯ್ದೆ ಕಾಪಾಡು ಎಂದ ಜಾಗವನ್ನು ಕೊಟ್ಟುಬಿಡು ಎನ್ನಲು ಕೊಟ್ಟದ್ದಲ್ಲ. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಎಂಬ ವಾದಕ್ಕೂ ನ್ಯಾಯಾಲಯ ಮಣಿಯಲಿಲ್ಲ. ನಿಮಗೆ ಇನ್ನೂ ಮುಖ್ಯವಾದದ್ದು, ಉದ್ಯಾನವನ್ನು ಉಳಿಸಿ ಎಂದು ಕೇಳುವ ಹಕ್ಕು ಆ ಬಡಾವಣೆಯ ಸಾಮಾನ್ಯ ನಿವಾಸಿಗಳಿಗೆ ಇದೆ ಎಂಬುದನ್ನು ಈ ತೀರ್ಪು ಗಟ್ಟಿಗೊಳಿಸಿತು. ‘ಇದನ್ನು ಕೇಳಲು ನೀವು ಯಾರು?’ ಎಂಬ ಪ್ರಶ್ನೆ ನಿಮಗೆ ಎದುರಾಗಲಿದೆ, ಅದಕ್ಕೆ ಇದೇ ಉತ್ತರ.

ಸ್ವತಃ ನ್ಯಾಯಾಲಯವೂ ಅಧಿಕಾರಿಯ ವಿವೇಚನೆಯನ್ನು ಕಿತ್ತುಕೊಳ್ಳುವಂತಿಲ್ಲ. ಗುಜರಾತಿನ ಲಂಚ ಪ್ರಕರಣವೊಂದರಲ್ಲಿ ಆರೋಪಿ ನೌಕರನ ವಿಚಾರಣೆಗೆ ಮಂಜೂರಾತಿ ಕೊಡಿ ಎಂದು ಹೈಕೋರ್ಟೇ ಕಾರ್ಯದರ್ಶಿಗೆ ಆದೇಶಿಸಿತ್ತು, ಅವರು ಕೊಟ್ಟರು, ಶಿಕ್ಷೆಯೂ ಆಯಿತು. 1997ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನೇ ರದ್ದು ಮಾಡಿತು. ಕೊಡಬೇಕೋ ಬೇಡವೋ ಎಂದು ಯೋಚಿಸುವ ಅವಕಾಶವೇ ಇಲ್ಲದೆ ಕೊಟ್ಟ ಮಂಜೂರಾತಿ ಮಂಜೂರಾತಿಯೇ ಅಲ್ಲ ಎಂಬುದು ಕಾರಣ. ಹೈಕೋರ್ಟಿನ ಆದೇಶಕ್ಕೇ ಈ ಗತಿಯಾದರೆ ಊರಿನ ಪ್ರಭಾವಿಗಳ ಮೌಖಿಕ ಸೂಚನೆಯ ಬೆಲೆ ಎಷ್ಟೆಂದು ನೀವೇ ಅಂದಾಜು ಮಾಡಿ.

ಅಧಿಕಾರವನ್ನು ಕೆಳಗಿನ ಅಧಿಕಾರಿಗೆ ವಹಿಸಿಕೊಡುವುದು ಇದರಿಂದ ಬೇರೆ ಸಂಗತಿ. ಅದಕ್ಕೆ ಕಾಯ್ದೆಯಲ್ಲಿ ಅವಕಾಶವಿದ್ದರೆ ತಪ್ಪಿಲ್ಲ. ಮಂತ್ರಿಯ ಹೆಸರಿನಲ್ಲಿ ಕಾರ್ಯದರ್ಶಿ ಸಹಿ ಹಾಕುವುದನ್ನು ಯಾರೂ ಅಧಿಕಾರ ತ್ಯಾಗ ಎನ್ನುವುದಿಲ್ಲ. ಆದರೆ ವಹಿಸಿಕೊಂಡವರು ಅದನ್ನು ಮತ್ತೊಬ್ಬರಿಗೆ ದಾಟಿಸುವಂತಿಲ್ಲ, ಕಾಯ್ದೆಯೇ ಹಾಗೆ ಹೇಳಿದ್ದರೆ ಹೊರತು. ನಿಮ್ಮ ಪ್ರಕರಣದಲ್ಲಿ ವಹಿಸಿದ್ದು ಅಧಿಕಾರಿಗಲ್ಲ, ಕಾಯ್ದೆಯ ಹೊರಗಿನ ಖಾಸಗಿ ಟ್ರಸ್ಟಿಗೆ. ಆ ದಾರಿ ಅವರಿಗೆ ಮುಚ್ಚಿದೆ.

ಇನ್ನು ಕಾಗದಗಳು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ದೂರು, ಆಕ್ರೋಶಗಳನ್ನು ಅದರಲ್ಲಿ ತುರುಕಬೇಡಿ. ಒಪ್ಪಂದ ಮತ್ತು ಅದರ ಅನುಬಂಧಗಳು, ಸಾಮಾನ್ಯ ಸಭೆಯ ಕಾರ್ಯಸೂಚಿ ಮತ್ತು ನಡವಳಿ, ಟೆಂಡರ್ ಪ್ರಕಟಣೆ, ಸರ್ಕಾರದ ಅನುಮತಿ ಪತ್ರ, ಇವುಗಳ ಜೊತೆಗೆ ಕಡತದ ಟಿಪ್ಪಣಿ ಹಾಳೆಗಳನ್ನು ಹೆಸರಿಸಿ ಕೇಳಿ. ಬಹುತೇಕರು ಕೊನೆಯದನ್ನು ಬಿಟ್ಟುಬಿಡುತ್ತಾರೆ, ನಿಜವಾದ ಸಾಕ್ಷ್ಯ ಇರುವುದು ಅಲ್ಲೇ. ಸಾಧ್ಯವಾದರೆ ಕಡತ ಪರಿಶೀಲನೆಗೇ ಅವಕಾಶ ಕೇಳಿ, ಅದೂ ನಿಮ್ಮ ಹಕ್ಕು. ಪುಟಸಂಖ್ಯೆ ಹಾಕಿದ ಹಸಿರು ಹಾಳೆಗಳಲ್ಲಿ ‘ಪತ್ರದನ್ವಯ ಆದೇಶಕ್ಕಾಗಿ ಮಂಡಿಸಿದೆ’ ಎಂದು ವಿಷಯ ನಿರ್ವಾಹಕರ ಒಂದು ಸಾಲು, ಅದರ ಕೆಳಗೆ ‘ಅನುಮೋದಿಸಿದೆ’ ಎಂಬ ಒಂದು ಪದ, ಎರಡಕ್ಕೂ ಒಂದೇ ದಿನಾಂಕ ಇದ್ದರೆ, ಯಾರೂ ಯೋಚಿಸಿಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ನಡವಳಿಯಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿದ್ದು ಮೂವತ್ತು ವರ್ಷ ಏಕೆ, ಈ ಟ್ರಸ್ಟೇ ಏಕೆ ಎಂಬುದಕ್ಕೆ ಒಂದಕ್ಷರವೂ ಇಲ್ಲದಿದ್ದರೆ ಅದೂ ಹಾಗೆಯೇ.

ಕಾಗದ ಕೈಸೇರಿದ ಮೇಲೆ ಪುರಸಭೆಗೂ ಜಿಲ್ಲಾಧಿಕಾರಿಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾನೂನಿಗೆ ವಿರುದ್ಧವಾದ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಅವರು ಸುಮ್ಮನಿದ್ದರೂ, ಕೇಳಿದ್ದೆವು, ಮಾಡಲಿಲ್ಲ ಎಂದು ತೋರಿಸದೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ಅರ್ಜಿ ಮುಂದೆ ಹೋಗುವುದು ಕಷ್ಟ. ನಿಮ್ಮ ಜಿಲ್ಲೆ ಧಾರವಾಡ ಅಥವಾ ಕಲಬುರಗಿ ಪೀಠದ ವ್ಯಾಪ್ತಿಗೆ ಬಂದರೆ ಬೆಂಗಳೂರಿಗೆ ಓಡಾಡಬೇಕಿಲ್ಲ. ಅರ್ಜಿಯಲ್ಲಿ ಟ್ರಸ್ಟನ್ನು ಹೊರಹಾಕಿ ಎಂಬುದನ್ನೇ ಮೊದಲ ಕೋರಿಕೆ ಮಾಡಬೇಡಿ. ಮಧ್ಯಪ್ರವೇಶಿಸಬಾರದೆಂಬ ಷರತ್ತು ಅಸಿಂಧು ಎಂದು ಘೋಷಿಸಿ, ಉದ್ಯಾನದ ಜಾಗದಲ್ಲಿ ಕಟ್ಟಡವಾಗದಂತೆ ತಡೆಯಿರಿ, ಉಳಿದುದರ ಬಗ್ಗೆ ಪುರಸಭೆ ತಾನೇ ಕಾರಣ ಸಹಿತ ತೀರ್ಮಾನಿಸಲಿ ಎಂದು ಕೇಳಿ. ನ್ಯಾಯಾಲಯಗಳು ಸುಲಭವಾಗಿ ಕೊಡುವ ಪರಿಹಾರ ಅದು. ಕೊನೆಗೆ ಟಿಕೆಟ್ಟೂ ಹೋಟೆಲೂ ಇಲ್ಲದೆ ಅದೇ ಟ್ರಸ್ಟ್ ನಿರ್ವಹಣೆ ಮುಂದುವರಿಸುವ ಸಾಧ್ಯತೆಯೂ ಇದೆ, ಅದಕ್ಕೆ ಮನಸ್ಸು ಸಿದ್ಧವಿರಲಿ.

ಒಂದು ವಿಷಯಕ್ಕೆ ಮಾತ್ರ 30 ದಿನ ಕಾಯಬೇಡಿ. ಪಾಯ ತೋಡಿದ್ದಾರೆ ಎಂದಿದ್ದೀರಿ. ಒಪ್ಪಂದವಾಗಿ ಮೂರು ವರ್ಷ ಕಳೆದಿದೆ, ಈವರೆಗೆ ಏನು ಮಾಡುತ್ತಿದ್ದಿರಿ ಎಂದು ನ್ಯಾಯಾಲಯ ಕೇಳುತ್ತದೆ. ಲಖನೌದಲ್ಲಿ ಕಟ್ಟಿದ್ದನ್ನೂ ಕೆಡವಿಸಿದರು ನಿಜ, ಎಲ್ಲ ಪೀಠಗಳೂ ಅಷ್ಟು ನಿಷ್ಠುರವಾಗಿರುವುದಿಲ್ಲ. ಗೋಡೆ ಎದ್ದ ಮೇಲೆ ದಂಡ ಕಟ್ಟಿಸಿಕೊಂಡು ಬಿಡುವುದೂ ಉಂಟು. ಹೋಟೆಲಿಗೆ ಕಟ್ಟಡ ಪರವಾನಗಿ ಕೊಟ್ಟಿದ್ದೀರಾ, ಕೊಟ್ಟಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಏನು ಎಂದು ನಾಳೆಯೇ ಮುಖ್ಯಾಧಿಕಾರಿಗೆ ಬರೆದು ಕೇಳಿ, ಪಾಯದ ಫೋಟೊಗಳನ್ನು ದಿನಾಂಕ ಸಹಿತ ಲಗತ್ತಿಸಿ. ಕೊಟ್ಟಿಲ್ಲವೆಂದಾದರೆ ಕೆಲಸ ನಿಲ್ಲಿಸುವುದು ಅವರ ಹೊಣೆ. ಕೊಟ್ಟಿದ್ದೇವೆಂದಾದರೆ ಆ ಜಾಗ ತಮ್ಮ ವ್ಯಾಪ್ತಿಯಲ್ಲೇ ಇದೆಯೆಂದು ಅವರೇ ಬರೆದುಕೊಟ್ಟಂತಾಯಿತು.